ರಜೆಗೆ ಮನೆಗೆ ಬಂದ ಮಗಳಿಗೆ ಓದಲು ಏನು ಕೊಡಲಿ?

ಹಾಸನದ ಅಮ್ಮ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ 11 ವರ್ಷ. ಹುಟ್ಟಿನಿಂದಲೇ ಕಣ್ಣು ಕಾಣಿಸುವುದಿಲ್ಲ. ದೂರದ ಊರಿನ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಉಬ್ಬು ಚುಕ್ಕೆಗಳನ್ನು ಬೆರಳಿನಿಂದ ಮುಟ್ಟಿ ಬ್ರೈಲ್ ಓದೋದು ಅಂದರೆ ಅವಳಿಗೆ ಪ್ರಾಣ. ಏಪ್ರಿಲ್, ಮೇ ಬಂದರೆ ಮನೆಗೆ ಬರುತ್ತಾಳೆ, ಪುಸ್ತಕಗಳು ಮಾತ್ರ ಶಾಲೆಯ ಬೀರುವಿನಲ್ಲೇ ಉಳಿಯುತ್ತವೆ. ಮನೆಯಲ್ಲಿರೋದು ಒಂದು ಬ್ರೈಲ್ ಪಾಠಪುಸ್ತಕ. ಅದನ್ನೇ ತಿರುಗಾ ಮುರುಗಾ ಓದುತ್ತಾಳೆ.

ನಮ್ಮೂರ ಗ್ರಂಥಾಲಯದಲ್ಲಿ ಬೇಸಿಗೆ ಶಿಬಿರ ನಡೆಯುತ್ತೆ. ಸೇರಿಸಿಕೊಳ್ಳಿ ಅಂತ ಕೇಳಿದೆ. "ಅವಳು ಇಲ್ಲಿ ಏನು ಮಾಡ್ತಾಳಮ್ಮಾ, ಪಾಪ, ಸುಮ್ನೆ ಕೂರಬೇಕಾಗುತ್ತೆ" ಅಂದರು. ಗದರಿ ಹೇಳಿದ್ದಲ್ಲ, ಕನಿಕರದಿಂದಲೇ ಹೇಳಿದರು. ಆದರೂ ಮಗಳ ಕೈ ಹಿಡಿದುಕೊಂಡು ವಾಪಸ್ ಬರುವಾಗ ತುಂಬಾ ಸಂಕಟ ಆಯಿತು.

ಈ ವಯಸ್ಸಿಗೆ ಏನು ಓದಿಸಬಹುದು? ಬ್ರೈಲ್ ಪುಸ್ತಕ ಎಲ್ಲಿ ಸಿಗುತ್ತೆ? ಶಿಬಿರದವರಿಗೆ ಏನಂತ ಹೇಳಲಿ? ಮನೆಯಲ್ಲಿ ನಮ್ಮ ಅತ್ತೆಗೂ ಎರಡು ವರ್ಷದಿಂದ ಕಣ್ಣು ಮಂಜು. ಮೊದಲು ಕಾದಂಬರಿ ಹಿಡಿದರೆ ಕೆಳಗಿಡುತ್ತಿರಲಿಲ್ಲ. ಅವರಿಗೂ ಏನಾದರೂ ಇದ್ದರೆ ಹೇಳಿ.

ಬೆರಳೋದುಗ, ಧಾರವಾಡ

ಅಕ್ಕಾರ, ನನಗೂ ಕಣ್ಣು ಕಾಣಿಸುವುದಿಲ್ಲ. ಬ್ಯಾಂಕಿನಲ್ಲಿ ಕೆಲಸ. ನಾನೂ ಹಾಸ್ಟೆಲಿನಲ್ಲಿ ಬೆಳೆದವನು. ಹಂಗಾಗಿ ರಜೆಯ ಹಸಿವು ಏನಂತ ಗೊತ್ತು.

ಮೊದಲು ಶಾಲೆಗೇ ಒಂದು ಫೋನ್ ಮಾಡಿ. ಬೀರುವಿನಲ್ಲಿ ಬೀಗ ಹಾಕಿಟ್ಟ ಪುಸ್ತಕ ಎರಡು ತಿಂಗಳು ಯಾರ ಬೆರಳಿಗೂ ಸಿಗದೆ ಇರುತ್ತದೆ, ಅಲ್ವಾ? ಬರೆದುಕೊಟ್ಟು ಮನೆಗೆ ತರುತ್ತೇನೆ, ಜೂನ್‌ನಲ್ಲಿ ವಾಪಸ್ ಕೊಡುತ್ತೇನೆ ಅಂತ ಹೇಳಿ. ಹಾಳಾಗುತ್ತವೆ ಅನ್ನುವುದೊಂದೇ ಅವರ ಭಯ. ಪುಸ್ತಕವನ್ನು ನಿಲ್ಲಿಸಿ ಇಡುತ್ತೇವೆ, ಮೇಲೆ ಏನೂ ಹೇರುವುದಿಲ್ಲ ಅಂತ ಭರವಸೆ ಕೊಡಿ. ಒಂದರ ಮೇಲೊಂದು ಪೇರಿಸಿದರೆ ಚುಕ್ಕೆ ಚಪ್ಪಟೆಯಾಗಿ ಓದಲು ಬರುವುದಿಲ್ಲ.

ಎರಡನೆಯದು, ಬೆಂಗಳೂರಿನ ಮಿತ್ರಜ್ಯೋತಿ. ಕಣ್ಣು ಕಾಣದ ಮಧು ಸಿಂಘಾಲ್ ಅವರು 1990ರಲ್ಲಿ ಕಟ್ಟಿದ ಸಂಸ್ಥೆ. ಕೇಳುವ ಪುಸ್ತಕಗಳ ಗ್ರಂಥಾಲಯವೂ ಬ್ರೈಲ್ ಮುದ್ರಣವೂ ಎರಡೂ ಅಲ್ಲಿವೆ. ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯದಲ್ಲೂ ಬ್ರೈಲ್ ವಿಭಾಗ ಇದೆ. ಬೆಂಗಳೂರಿಗೆ ಬಂದಾಗ ಮಗಳನ್ನು ಕರೆದುಕೊಂಡು ಹೋಗಿ. ಅಷ್ಟು ಪುಸ್ತಕ ಒಟ್ಟಿಗೆ ಕೈಗೆ ಸಿಕ್ಕರೆ ಅವಳ ಖುಷಿಯೇ ಬೇರೆ.

ಇನ್ನು ಸುಗಮ್ಯ ಪುಸ್ತಕಾಲಯ ಅಂತ ಆನ್‌ಲೈನ್ ಗ್ರಂಥಾಲಯ ಇದೆ. 2016ರ ಆಗಸ್ಟ್‌ನಲ್ಲಿ ಶುರುವಾಯಿತು. ಕೇಂದ್ರ ಸರ್ಕಾರದ ಅಂಗವಿಕಲರ ಸಬಲೀಕರಣ ಇಲಾಖೆ ಮತ್ತು ಡೇಸಿ ಫೋರಂ ಆಫ್ ಇಂಡಿಯಾ (ಕಣ್ಣು ಕಾಣದವರಿಗೆ ಪುಸ್ತಕ ತಯಾರಿಸುವ ಸಂಸ್ಥೆಗಳ ಒಕ್ಕೂಟ) ಸೇರಿ ಮಾಡಿದ್ದು. ಬೇರೆ ಬೇರೆ ಸಂಸ್ಥೆಗಳು ತಯಾರಿಸಿದ ಪುಸ್ತಕಗಳು ಒಂದೇ ಕಡೆ ಸಿಗುತ್ತವೆ. ಫೋರಂನ ಸದಸ್ಯ ಸಂಸ್ಥೆಯ ಮೂಲಕ ಸದಸ್ಯತ್ವ ಮಾಡಿಸಬೇಕು, ಅಂಗವೈಕಲ್ಯದ ಪ್ರಮಾಣಪತ್ರ ಬೇಕು.

ಒಂದು ಸಣ್ಣ ವಿಷಯ. ಬೇಸಿಗೆಯಲ್ಲಿ ಬೆರಳು ಬೆವರಿ ಹಾಳೆಗೆ ಅಂಟುತ್ತದೆ. ಸಾಲು ಜಾರದೆ ತಡೆದು ತಡೆದು ಹೋಗುತ್ತದೆ. ಓದುವ ಮುಂಚೆ ಕೈ ತೊಳೆದು ಒರೆಸಿ, ಬೆರಳ ತುದಿಗೆ ಚಿಟಿಕೆ ಪೌಡರ್ ಹಚ್ಚಿಕೊಳ್ಳಲಿ. ಮಧ್ಯಾಹ್ನದ ಬದಲು ಬೆಳಗ್ಗೆ ಓದಿದರೆ ಇನ್ನೂ ಚಲೋ.

ಸುಬ್ಬು, ಬೆಂಗಳೂರು

ಮೇಡಂ, ಈಗ ಎಲ್ಲವೂ ಮೊಬೈಲಿನಲ್ಲೇ ಇದೆ. ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್ ಆನ್ ಮಾಡಿದರೆ ಕನ್ನಡವನ್ನೂ ಓದಿ ಹೇಳುತ್ತೆ. ಆಡಿಯೋ ಪುಸ್ತಕಗಳ ಆಪ್‌ಗಳೂ ಇವೆ. ಅಷ್ಟು ದಪ್ಪದ ಬ್ರೈಲ್ ಪುಸ್ತಕ ಹೊತ್ತುಕೊಂಡು ಬರೋದು ಯಾಕೆ?

ಬೆರಳೋದುಗ, ಧಾರವಾಡ

ಸುಬ್ಬು ಅವರೇ, ನಾನು ದಿನವಿಡೀ ಕಂಪ್ಯೂಟರಿನಲ್ಲಿ ಎನ್‌ವಿಡಿಎ ಹಾಕಿಕೊಂಡೇ ಕೆಲಸ ಮಾಡುವವನು. ಪರದೆಯ ಮೇಲಿರುವುದನ್ನು ಓದಿ ಹೇಳುವ, ಪುಕ್ಕಟೆ ಸಿಗುವ ತಂತ್ರಾಂಶ, ಅದಿಲ್ಲದೆ ನನಗೆ ನೌಕರಿಯೇ ಇಲ್ಲ. ಆದರೆ 11 ವರ್ಷದ ಮಗುವಿಗೆ ಕೇಳಿಸುವುದಷ್ಟೇ ಸಾಲದು. ಕೇಳುತ್ತಾ ಬೆಳೆದ ಮಗುವಿಗೆ ಕತೆ ಗೊತ್ತಾಗುತ್ತದೆ, ಕಾಗುಣಿತ ಗೊತ್ತಾಗುವುದಿಲ್ಲ. ಅಲ್ಪಪ್ರಾಣ ಎಲ್ಲಿ, ಮಹಾಪ್ರಾಣ ಎಲ್ಲಿ, ಒತ್ತು ಎಲ್ಲಿ ಅಂತ ಬೆರಳೇ ಹೇಳಬೇಕು. ಕಣ್ಣಿರುವ ಮಕ್ಕಳಿಗೆ ಅಕ್ಷರ ಕಲಿಸಬೇಡಿ, ರೇಡಿಯೋ ಕೇಳಿಸಿದರೆ ಸಾಕು ಅಂತ ಯಾರಾದರೂ ಹೇಳುತ್ತಾರಾ?

ಒಂದು ಉದಾಹರಣೆ ಕೊಡುತ್ತೇನೆ. ಬ್ರೈಲಿನಲ್ಲಿ ಒಂದೊಂದು ಅಕ್ಷರಕ್ಕೆ ಆರು ಚುಕ್ಕೆಯ ಮನೆ. ಎಡಗಡೆ ಮೇಲಿಂದ ಕೆಳಗೆ 1, 2, 3. ಬಲಗಡೆ 4, 5, 6. "ಕಮಲ" ಅಂತ ಬರೆಯಲು ಮೂರೇ ಮನೆ. ಕ ಅಂದರೆ 1 ಮತ್ತು 3. ಮ ಅಂದರೆ 1, 3, 4. ಲ ಅಂದರೆ 1, 2, 3. "ಅಕ್ಕ" ಅಂತ ಬರೆಯಲು ನಾಲ್ಕು ಮನೆ ಬೇಕು. ಮೊದಲು ಅ, ಆಮೇಲೆ 4ನೇ ಚುಕ್ಕೆ ಒಂದೇ, ಆಮೇಲೆ ಎರಡು ಸಲ ಕ. ಆ ಒಂಟಿ ಚುಕ್ಕೆಯೇ ಮುಂದಿನ ಅಕ್ಷರದ ಸ್ವರವನ್ನು ತೆಗೆದು ಒತ್ತಕ್ಷರ ಮಾಡುತ್ತದೆ. ಇದನ್ನು ಬೆರಳಿನಿಂದ ಸಾವಿರ ಸಲ ಮುಟ್ಟಿದ ಮಗು ಪರೀಕ್ಷೆಯಲ್ಲಿ ಒತ್ತು ಬಿಡುವುದಿಲ್ಲ.

ಮತ್ತೆ, 1951ರಲ್ಲಿ ಒಪ್ಪಿಕೊಂಡ ಭಾರತಿ ಬ್ರೈಲ್‌ನಲ್ಲಿ ನಮ್ಮ ಭಾಷೆಗಳಿಗೆಲ್ಲ ಒಂದೇ ಲೆಕ್ಕ. ಕನ್ನಡದ ಕ, ಹಿಂದಿಯ ಕ, ತೆಲುಗಿನ ಕ ಎಲ್ಲವೂ ಅದೇ ಎರಡು ಚುಕ್ಕೆ. ಕನ್ನಡ ಬ್ರೈಲ್ ಗಟ್ಟಿ ಆದರೆ ಮುಂದೆ ಹಿಂದಿ ಪುಸ್ತಕ ಕೈಗೆ ಬಂದಾಗ ಲಿಪಿ ಹೊಸದಾಗಿ ಕಲಿಯಬೇಕಾಗಿಲ್ಲ. ಫೋನ್ ಇರಲಿ, ಬ್ರೈಲೂ ಇರಲಿ.

ಅರಿವು ಕೇಂದ್ರದ ಮೇಲ್ವಿಚಾರಕಿ, ತುಮಕೂರು ಜಿಲ್ಲೆ

ಅಕ್ಕಾ, ನಿಮ್ಮ ಶಿಬಿರದ ಮಾತು ಓದಿ ಸುಮ್ಮನಿರಲು ಆಗಲಿಲ್ಲ. ನಾನು ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುತ್ತೇನೆ. ನಮ್ಮ ಶಿಬಿರಕ್ಕೆ ಕಣ್ಣು ಕಾಣದ ಹುಡುಗನೊಬ್ಬ ಬರುತ್ತಾನೆ. ಅವನಿಗಾಗಿ ಬೇರೆ ಶಿಬಿರ ಮಾಡಲಿಲ್ಲ. ಇರುವ ಶಿಬಿರವನ್ನೇ ಸ್ವಲ್ಪ ತಿರುಗಿಸಿಕೊಂಡೆವು.

ಎಲ್ಲರಿಗೂ ಜಾಸ್ತಿ ಹಿಡಿಸಿದ್ದು ಚಿತ್ರ ಹೇಳುವ ಆಟ. ಚಿಕ್ಕ ಮಕ್ಕಳ ಪುಸ್ತಕದಲ್ಲಿ ಅರ್ಧ ಕತೆ ಚಿತ್ರದಲ್ಲೇ ಇರುತ್ತದೆ. ಒಬ್ಬರು ಓದಬೇಕು, ಇನ್ನೊಬ್ಬರು ಚಿತ್ರ ನೋಡಿ ಹೇಳಬೇಕು. ಮೊದಲ ದಿನ ಒಬ್ಬಳು "ಒಂದು ಆನೆ ಇದೆ" ಅಂತ ಮುಗಿಸಿಬಿಟ್ಟಳು. ಹುಡುಗ ಬಿಡಲಿಲ್ಲ. "ಆನೆ ಯಾವ ಕಡೆ ತಿರುಗಿದೆ? ಸೊಂಡಿಲು ಮೇಲಿದೆಯಾ ಕೆಳಗಿದೆಯಾ? ಹತ್ತಿರ ಯಾರಿದ್ದಾರೆ?" ಅಂತ ಕೇಳುತ್ತಾ ಹೋದ. ಅವಳು ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು. "ಆನೆ ಬಾಲದ ಹಿಂದೆ ಒಂದು ಇಲಿ ಬಚ್ಚಿಟ್ಟುಕೊಂಡಿದೆ, ನಾನು ನೋಡೇ ಇರಲಿಲ್ಲ" ಅಂದಳು. ಆವತ್ತಿನಿಂದ ಕಣ್ಣಿರುವ ಮಕ್ಕಳೂ ಚಿತ್ರವನ್ನು ಸರಿಯಾಗಿ ನೋಡಲು ಕಲಿತರು.

ಬಿಸಿಲು ಹೊತ್ತಿಗೆ ಅಳಗುಳಿ ಮಣೆ ಇಡುತ್ತೇವೆ. ಏಳೇಳರಂತೆ 14 ಗುಳಿ, ಹುಣಸೆ ಬೀಜ. ಕೈಯಿಂದ ಮುಟ್ಟಿ ಎಣಿಸಿ ಆಡುವ ಆಟ, ಕಣ್ಣು ಬೇಕಾಗಿಯೇ ಇಲ್ಲ. ಯಾವ ಗುಳಿಯಲ್ಲಿ ಎಷ್ಟು ಬೀಜ ಅಂತ ಅವನು ನೆನಪಿಟ್ಟುಕೊಳ್ಳುವ ರೀತಿಗೆ ದೊಡ್ಡವರೇ ಸೋಲುತ್ತಾರೆ. ಜೇಡಿಮಣ್ಣಿನಲ್ಲಿ ಬೊಂಬೆ ಮಾಡುವುದು, ಹಕ್ಕಿ ಕೂಗು ಗುರುತಿಸುವುದು, ಊರಿನ ಅಜ್ಜಿಯರನ್ನು ಕರೆದು ಕತೆ ಹೇಳಿಸುವುದು, ಗಾದೆಯ ಪಂದ್ಯ, ಇವುಗಳಲ್ಲಿ ಬದಲಾಯಿಸಬೇಕಾದ್ದು ಏನೂ ಇಲ್ಲ. ಬಣ್ಣ ಹಚ್ಚುವ ದಿನ ಮಾತ್ರ ಸ್ವಲ್ಪ ಯೋಚಿಸಬೇಕಾಯಿತು. ಗೆರೆಯ ಮೇಲೆ ಅಂಟು ಹಾಕಿ ನೂಲು ಅಂಟಿಸಿದೆವು, ಒಣಗಿದ ಮೇಲೆ ಒಳಗಡೆ ರಾಗಿ, ಅಕ್ಕಿ, ಹೆಸರುಕಾಳು ತುಂಬಿದ. ಆಮೇಲೆ ಎಲ್ಲರಿಗೂ ಅದೇ ಬೇಕಾಯಿತು!

ನಿಮ್ಮ ಊರಿನವರಿಗೆ ಹೀಗೆ ಹೇಳಿ. 2020ರ ನವೆಂಬರ್ 14ರಂದು ಶುರುವಾದ "ಓದುವ ಬೆಳಕು" ಕಾರ್ಯಕ್ರಮದಲ್ಲಿ ಊರಿನ ಮಕ್ಕಳಿಗೆಲ್ಲ ಪಂಚಾಯಿತಿ ಗ್ರಂಥಾಲಯದ ಸದಸ್ಯತ್ವ ಉಚಿತ. ಎಲ್ಲ ಮಕ್ಕಳು ಅಂದರೆ ನಿಮ್ಮ ಮಗಳೂ ಸೇರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ಭೇದ ಮಾಡಬಾರದು ಅನ್ನುತ್ತದೆ. ಆದರೆ ಕಾಯ್ದೆಯಿಂದ ಮಾತು ಶುರು ಮಾಡಬೇಡಿ. ಅವರಿಗೆ ಮನಸ್ಸಿಲ್ಲ ಅಂತಲ್ಲ, ಹೇಗೆ ಅಂತ ಗೊತ್ತಿಲ್ಲ. ಒಂದು ದಿನ ನೀವೂ ಜೊತೆಗೆ ಕೂತು ತೋರಿಸಿಕೊಡಿ. ಬಾಗಿಲು ಎಲ್ಲಿ, ಕಪಾಟು ಎಲ್ಲಿ, ನೀರು ಎಲ್ಲಿ ಅಂತ ಅವಳನ್ನು ಕೈ ಹಿಡಿದು ಒಂದು ಸುತ್ತು ಓಡಾಡಿಸಿ. ದಿನಕ್ಕೊಂದು ಕಡೆ ಕುರ್ಚಿ ಸರಿಸಬೇಡಿ ಅಂತ ಮಕ್ಕಳಿಗೆ ಹೇಳಿಸಿ. ಅಷ್ಟಾದರೆ ಅವಳೇ ಓಡಾಡುತ್ತಾಳೆ.

ಬ್ರೈಲ್ ಬರೆಯುವ ಅವಳ ಸ್ಲೇಟು, ಮೊನೆಕಡ್ಡಿ ಕಳಿಸುವುದನ್ನು ಮರೆಯಬೇಡಿ. ಉಳಿದ ಮಕ್ಕಳು ತಮ್ಮ ತಮ್ಮ ಹೆಸರು ಬರೆಸಿಕೊಳ್ಳಲು ಸಾಲು ನಿಲ್ಲುತ್ತಾರೆ. ಬಲದಿಂದ ಎಡಕ್ಕೆ ಚುಚ್ಚಬೇಕು, ಹಾಳೆ ತಿರುಗಿಸಿ ಎಡದಿಂದ ಬಲಕ್ಕೆ ಓದಬೇಕು ಅನ್ನುವುದೇ ಅವರಿಗೆ ದೊಡ್ಡ ಮ್ಯಾಜಿಕ್.

ಪುತ್ತೂರಿನ ಅಜ್ಜ

ಹಾಸನದ ತಂಗೀ, ನಿಮ್ಮ ಅತ್ತೆಯವರ ಬಗ್ಗೆ ನಾನು ಹೇಳುತ್ತೇನೆ. ಮೊದಲು ಕಣ್ಣಿನ ಡಾಕ್ಟರಿಗೆ ತೋರಿಸಿದಿರೋ ಇಲ್ಲವೋ? ಪೊರೆ ಬಂದಿದ್ದರೆ ಆಪರೇಷನ್ ಮಾಡಿ ಸರಿ ಮಾಡುತ್ತಾರೆ. ನನ್ನದು ಗ್ಲಾಕೋಮಾ, ಹೋದ ದೃಷ್ಟಿ ವಾಪಸ್ ಬರುವುದಿಲ್ಲ. ವಯಸ್ಸಾಯಿತು, ಮಂಜಾಗುವುದು ಸಹಜ ಅಂತ ಕೂರಬೇಡಿ. ಇದನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ.

ಓದು ನಿಂತ ಮೇಲೆ ನನಗೆ ಜೀವ ಕೊಟ್ಟದ್ದು ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ. ಪದ, ಚೆಂಡೆ ಮದ್ದಳೆ, ಮಾತು ಇಷ್ಟೇ. ಕಣ್ಣಿರುವವನಿಗೂ ಇಲ್ಲದವನಿಗೂ ಅಲ್ಲಿ ಒಂದೇ ಆಸನ. ಕೃಷ್ಣ ಸಂಧಾನದ ವಾದ ಕೇಳುತ್ತಾ ಕೂತರೆ ಗಂಟೆ ಹೋದದ್ದೇ ತಿಳಿಯುವುದಿಲ್ಲ. ಯೂಟ್ಯೂಬಿನಲ್ಲಿ ಬೇಕಾದಷ್ಟಿದೆ. ಆಮೇಲೆ ಗಮಕ. ಕುಮಾರವ್ಯಾಸ ಭಾರತವನ್ನು ಒಬ್ಬರು ವಾಚನ ಮಾಡಿ, ಇನ್ನೊಬ್ಬರು ವ್ಯಾಖ್ಯಾನ ಹೇಳುವುದು. ಹಳೆಯ ಕನ್ನಡದ ಹೆದರಿಕೆ ಇದ್ದವರಿಗೂ ಅರ್ಥವಾಗುತ್ತದೆ. ಶಿವಮೊಗ್ಗದ ಹತ್ತಿರದ ಹೊಸಹಳ್ಳಿಯಲ್ಲಿ ಇದನ್ನು ಈಗಲೂ ಉಳಿಸಿಕೊಂಡಿದ್ದಾರೆ.

ಕಾದಂಬರಿಯಲ್ಲಿ ಕಾರಂತರ "ಮೂಕಜ್ಜಿಯ ಕನಸುಗಳು" ಓದಿಸಿ. ಮೊದಲೇ ಓದಿದ್ದರೂ ಪರವಾಗಿಲ್ಲ. ಆ ಅಜ್ಜಿ ಒಂದು ವಸ್ತುವನ್ನು ಕೈಯಲ್ಲಿ ಹಿಡಿದರೆ ಅದರ ಹಿಂದಿನ ಕಾಲವೆಲ್ಲ ಅವಳಿಗೆ ಕಾಣುತ್ತದೆ. ಕಣ್ಣು ಹೋದ ಮೇಲೆ ಮತ್ತೆ ಕೇಳಿದಾಗ ನನಗೆ ಅದು ಬೇರೆಯೇ ಪುಸ್ತಕವಾಗಿತ್ತು. ಮೊಮ್ಮಗಳು ರಜೆಯಲ್ಲಿ ಓದಿ ಹೇಳಿದಳು.

ಬ್ರೈಲ್ ಮಾತ್ರ ನನ್ನಿಂದ ಆಗಲಿಲ್ಲ. ಬೆರಳಿನ ಚರ್ಮ ದಪ್ಪವಾಗಿದೆ, ಚುಕ್ಕೆಗಳು ಒಂದರೊಳಗೊಂದು ಸೇರಿದ ಹಾಗೆ ಅನಿಸುತ್ತದೆ. ಧಾರವಾಡದವರು ಮಕ್ಕಳ ವಿಷಯದಲ್ಲಿ ಹೇಳಿದ್ದು ಸರಿ. ಆದರೆ ಮುದುಕರಿಗೆ ಅದನ್ನೇ ಒತ್ತಾಯಿಸಿದರೆ ಓದಿನ ಆಸೆಯೇ ಹೋಗುತ್ತದೆ. ನಮಗೆ ಕಿವಿಯೇ ಸಾಕು.

ಬೆರಳೋದುಗ, ಧಾರವಾಡ

ಅಜ್ಜಾರ, ನಿಮ್ಮ ಮಾತು ಒಪ್ಪಿದೆ. ಆದರೂ ಅಂಕಿಗಳನ್ನು, ಹತ್ತು ಅಕ್ಷರಗಳನ್ನು ದೊಡ್ಡ ಚುಕ್ಕೆಯಲ್ಲಿ ಕಲಿತರೂ ಉಪಯೋಗವಿದೆ. ಮಾತ್ರೆ ಡಬ್ಬಿ, ಸಾರಿನಪುಡಿ ಡಬ್ಬಿಗೆ ಗುರುತು ಅಂಟಿಸಿಕೊಳ್ಳಬಹುದು.

ಫಾಂಟ್ ಗೆಳೆಯ, ಮೈಸೂರು

ಕಂಪ್ಯೂಟರಿನಲ್ಲಿ ಕನ್ನಡ ಪುಸ್ತಕ ಓದಿಸಲು ಹೊರಟವರು ಒಂದು ಗೋಡೆಗೆ ತಲೆ ಚಚ್ಚಿಕೊಳ್ಳುತ್ತಾರೆ. ನುಡಿ, ಬರಹ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಕಡತಗಳು ನೋಡಲು ಕನ್ನಡದಂತೆ ಇರುತ್ತವೆ, ಒಳಗೆ ಇರುವುದು ಇಂಗ್ಲಿಷ್ ಸಂಕೇತ. ನುಡಿಯಲ್ಲಿ "ಕನ್ನಡ" ಅಂತ ಬರೆದಿದ್ದರೆ ಓದುವ ತಂತ್ರಾಂಶ "ಪಿ, ಎ, ಪೌಂಡ್..." ಅಂತ ಶುರು ಮಾಡುತ್ತದೆ. ತಂತ್ರಾಂಶ ಕೆಟ್ಟಿಲ್ಲ, ಕಡತವನ್ನು ಯುನಿಕೋಡಿಗೆ, ಅಂದರೆ ಯಂತ್ರ ಕನ್ನಡವೆಂದೇ ಗುರುತಿಸುವ ಸಂಕೇತಕ್ಕೆ, ಬದಲಾಯಿಸಬೇಕು. ಉಚಿತ ಪರಿವರ್ತಕಗಳು ಅಂತರ್ಜಾಲದಲ್ಲಿವೆ.

ಇನ್ನೊಂದು ಗೋಡೆ ಪಿಡಿಎಫ್. ಸ್ಕ್ಯಾನ್ ಮಾಡಿದ ಪಿಡಿಎಫ್ ಅಂದರೆ ಪುಟದ ಫೋಟೋ ಅಷ್ಟೇ. ಅದನ್ನು ಗೂಗಲ್ ಡ್ರೈವ್‌ಗೆ ಹಾಕಿ ಡಾಕ್ಸ್‌ನಲ್ಲಿ ತೆರೆದರೆ ಅಕ್ಷರಗಳನ್ನು ಗುರುತಿಸಿ ಪಠ್ಯ ಮಾಡಿಕೊಡುತ್ತದೆ. ಅಲ್ಲಲ್ಲಿ ಒತ್ತಕ್ಷರ ತಪ್ಪುತ್ತದೆ, ಒಬ್ಬರು ಕೂತು ತಿದ್ದಬೇಕು. ರಜೆಯಲ್ಲಿ ಕಾಲೇಜು ಹುಡುಗರಿಗೆ ಹೇಳಿ ಮಾಡಿಸಿದಂಥ ಕೆಲಸ ಇದು. ಹೀಗೆ ತಿದ್ದಿದ ಯುನಿಕೋಡ್ ಪಠ್ಯ ಇದ್ದರೆ ಓದಿಸಲೂಬಹುದು, ಬ್ರೈಲಿಗೆ ಮುದ್ರಿಸಲೂಬಹುದು.

ಇದು ಕಾನೂನಿಗೆ ವಿರುದ್ಧ ಅಲ್ವಾ ಅಂತ ಕೇಳುವವರಿಗೆ: 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ಆಯಿತು. ಅಂಗವೈಕಲ್ಯ ಇರುವವರು ಓದಲು ಆಗುವಂತೆ ಪುಸ್ತಕವನ್ನು ಬೇರೆ ರೂಪಕ್ಕೆ ತರಲು ಅದು ಅವಕಾಶ ಕೊಟ್ಟಿದೆ. ಅದನ್ನು ಲಾಭಕ್ಕೆ ಮಾರುವಂತಿಲ್ಲ.

ಚಿಕ್ಕ ಮಕ್ಕಳಿಗೆ ಸ್ಟೋರಿವೀವರ್ ಜಾಲತಾಣ ನೋಡಿ. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ್ದು. ಕನ್ನಡ ಕತೆಗಳು ತುಂಬಾ ಇವೆ, ಎಲ್ಲವೂ ಮುಕ್ತ ಪರವಾನಗಿಯಲ್ಲಿ.

ನ್ಯೂಜೆರ್ಸಿ ಕನ್ನಡತಿ

ನಾನು ಅಮೆರಿಕದಿಂದ ಬರೆಯುತ್ತಿದ್ದೇನೆ. ನನ್ನ ಮಗನಿಗೆ ದೃಷ್ಟಿ ತೀರಾ ಕಡಿಮೆ. ಇಲ್ಲಿ 1931ರ ಕಾನೂನಿನಿಂದ ಶುರುವಾದ ರಾಷ್ಟ್ರೀಯ ಗ್ರಂಥಾಲಯ ಸೇವೆ ಇದೆ. ಮೊದಲು ದೊಡ್ಡವರಿಗೆ ಮಾತ್ರ ಇತ್ತು, ಮಕ್ಕಳಿಗೆ 1952ರಿಂದ ಸಿಕ್ಕಿತು. ಬ್ರೈಲ್ ಪುಸ್ತಕ, ಮಾತಾಡುವ ಪುಸ್ತಕ, ಕೇಳುವ ಯಂತ್ರ ಎಲ್ಲವೂ ಅಂಚೆಯಲ್ಲಿ ಮನೆಗೇ ಉಚಿತವಾಗಿ ಬರುತ್ತವೆ. ನಮ್ಮ ರಾಜ್ಯದ ಕೇಂದ್ರ ಟ್ರೆಂಟನ್‌ನಲ್ಲಿದೆ.

ಇಲ್ಲಿನ ಬೇಸಿಗೆ ಓದಿನ ಕಾರ್ಯಕ್ರಮಗಳಲ್ಲಿ ನನಗೆ ಹಿಡಿಸಿದ ವಿಷಯ ಅಂದರೆ, ಕೇಳಿದ್ದನ್ನೂ ಓದು ಅಂತಲೇ ಲೆಕ್ಕ ಹಿಡಿಯುತ್ತಾರೆ. ಬ್ರೈಲ್ ಪುಟವಾದರೂ ಸರಿ, ಕೇಳಿದ ಗಂಟೆಯಾದರೂ ಸರಿ, ಮಗು ತನ್ನ ಪಟ್ಟಿಗೆ ಸೇರಿಸಿಕೊಳ್ಳಬಹುದು. ಫೋನಿನಲ್ಲೇ ಪುಸ್ತಕ ಚರ್ಚೆ ನಡೆಸುವ ಗ್ರಂಥಾಲಯಗಳೂ ಇವೆ. ದೂರದ ಊರಿನವರು ಪ್ರಯಾಣ ಮಾಡಬೇಕಾಗಿಲ್ಲ. ಇದನ್ನು ನಮ್ಮ ನಾಡಿನಲ್ಲಿ ಮಾಡಲು ದೊಡ್ಡ ಖರ್ಚೇನೂ ಬೇಡ. ವಾರಕ್ಕೊಂದು ಸಂಜೆ, ಬೇರೆ ಬೇರೆ ಊರಿನ ಮಕ್ಕಳು ಒಂದೇ ಕರೆಯಲ್ಲಿ ಸೇರಿ ಓದಿದ್ದನ್ನು ಹೇಳಿಕೊಂಡರೆ ಎಷ್ಟು ಚೆನ್ನ!

ಒಂದು ಹೆಮ್ಮೆಯ ವಿಷಯವನ್ನೂ ಹೇಳಬೇಕು. ಕಣ್ಣು ಕಾಣದವರ ಪುಸ್ತಕಗಳು ದೇಶದಿಂದ ದೇಶಕ್ಕೆ ಹೋಗಲಿ ಅಂತ 2013ರಲ್ಲಿ ಮರಾಕೇಶ್ ಒಪ್ಪಂದ ಆಯಿತು. ಅದನ್ನು ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ಭಾರತ, 2014ರಲ್ಲಿ. ಅಮೆರಿಕ ಸೇರಿದ್ದು 2019ರಲ್ಲಿ.

ಹಾಸನದ ಅಮ್ಮ

ಇಷ್ಟೆಲ್ಲ ಹೇಳಿದಿರಲ್ಲ, ಹೇಗೆ ಥ್ಯಾಂಕ್ಸ್ ಹೇಳಲಿ? ಅತ್ತೆಗೆ ಹಿಂದಿನ ವರ್ಷ ಕನ್ನಡಕ ಬದಲಾಯಿಸಿದ್ದು ಬಿಟ್ಟರೆ ಬೇರೆ ಏನೂ ತೋರಿಸಿಲ್ಲ. ಸೋಮವಾರ ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋಗುತ್ತೇವೆ.

ಶಾಲೆಗೆ ಫೋನ್ ಮಾಡಿದೆ. ಮೂರು ಪುಸ್ತಕ ಕೊಡಲು ಒಪ್ಪಿದ್ದಾರೆ. ಈಗ ಎರಡು ಪ್ರಶ್ನೆ. ಅಷ್ಟು ಭಾರದ ಪುಸ್ತಕ ಅಂಚೆಯಲ್ಲಿ ತರಿಸಿದರೆ ಎಷ್ಟಾಗುತ್ತೆ? ಮತ್ತೆ, ನಾನೇ ಅವಳಿಗೆ ಗಟ್ಟಿಯಾಗಿ ಓದಿ ಹೇಳಲು ಯಾವ ಪುಸ್ತಕ ಆಗಬಹುದು?

ಬೆರಳೋದುಗ, ಧಾರವಾಡ

ಅಂಚೆಗೆ ದುಡ್ಡು ಕೊಡಬೇಡಿ. ಅಂಧರ ಸಾಹಿತ್ಯದ ಕಟ್ಟು ಅಂತ ಅಂಚೆ ಇಲಾಖೆಯಲ್ಲೇ ಒಂದು ವರ್ಗ ಇದೆ. 7 ಕಿಲೋವರೆಗೆ ಉಚಿತ. ಸಾಧಾರಣ ಅಂಚೆಯಲ್ಲಿ ಹೋಗಬೇಕು, ವಿಮಾನದಲ್ಲಿ ಕಳಿಸಿದರೆ ಮಾತ್ರ ಖರ್ಚು. ಕಟ್ಟನ್ನು ಪೂರ್ತಿ ಅಂಟಿಸಬಾರದು, ಬಿಚ್ಚಿ ನೋಡಲು ಆಗುವಂತೆ ದಾರ ಕಟ್ಟಬೇಕು, ಮೇಲೆ ಅಂಧರ ಸಾಹಿತ್ಯ ಅಂತ ಬರೆಯಬೇಕು. ಕೌಂಟರಿನಲ್ಲಿ ಇರುವವರಿಗೆ ಇದು ಅಪರೂಪ. ನಿಯಮ ಪುಸ್ತಕ ತೆಗೆದು ನೋಡಿ ಅಂತ ತಾಳ್ಮೆಯಿಂದ ಕೇಳಿ.

ಅರಿವು ಕೇಂದ್ರದ ಮೇಲ್ವಿಚಾರಕಿ, ತುಮಕೂರು ಜಿಲ್ಲೆ

ಗಟ್ಟಿಯಾಗಿ ಓದಲು ಮೊದಲು ಕುವೆಂಪು ಅವರ "ಬೊಮ್ಮನಹಳ್ಳಿಯ ಕಿಂದರಿಜೋಗಿ" ತೆಗೆದುಕೊಳ್ಳಿ. ಇಲಿಗಳ ಕಾಟದ ಭಾಗ ಓದುವಾಗ ನಮ್ಮ ಮಕ್ಕಳು ಕೂತಲ್ಲಿ ಕೂರುವುದಿಲ್ಲ. ಆ ಪದ್ಯ ಪೂರ್ತಿ ಸದ್ದಿನಲ್ಲೇ ನಡೆಯುತ್ತದೆ. ಎರಡು ಸಲ ಓದಿದರೆ ಅವಳೇ ಬಾಯಿಪಾಠ ಹೇಳುತ್ತಾಳೆ.

ಆಮೇಲೆ ತೇಜಸ್ವಿಯವರ "ಪರಿಸರದ ಕತೆ". ಒಂದೊಂದೇ ಕತೆ, ರಾತ್ರಿ ಊಟ ಆದ ಮೇಲೆ. ಹಕ್ಕಿ, ನಾಯಿ, ಹಳ್ಳ, ಕಾಡು ಎಲ್ಲ ನಿಮ್ಮ ಸಕಲೇಶಪುರದ ಕಡೆಯದೇ ವಾತಾವರಣ. ಅರ್ಧ ಓದಿ ನಿಲ್ಲಿಸಿ, ಮುಂದೆ ಏನಾಗಬಹುದು ಅಂತ ಅವಳನ್ನೇ ಕೇಳಿ. ಅವಳು ಹೇಳಿದ್ದನ್ನು ಬ್ರೈಲಿನಲ್ಲಿ ಬರೆಯಲು ಹೇಳಿ. ರಜೆ ಮುಗಿಯುವ ಹೊತ್ತಿಗೆ ಅವಳದೇ ಒಂದು ಪುಸ್ತಕ ಆಗಿರುತ್ತದೆ. ಅದನ್ನು ಶಾಲೆಯ ಬೀರುವಿಗೆ ಸೇರಿಸಲಿ.

ಮತ್ತೆ, ನಿಮ್ಮೂರ ಗ್ರಂಥಾಲಯದವರಿಗೆ ನನ್ನ ಜೊತೆ ಮಾತಾಡಲು ಹೇಳಿ. ಖಾಸಗಿ ಸಂದೇಶದಲ್ಲಿ ನಂಬರ್ ಕಳಿಸುತ್ತೇನೆ. ನೂಲು ಅಂಟಿಸುವುದು, ಚಿತ್ರ ಹೇಳುವ ಆಟ ಎಲ್ಲ ಫೋನಿನಲ್ಲೇ ವಿವರಿಸುತ್ತೇನೆ. ಸಂಜೆ ಐದರ ಮೇಲೆ ಮಾಡಲಿ, ಅಲ್ಲಿವರೆಗೆ ಇಲ್ಲಿ ಮಕ್ಕಳು ತುಂಬಿರುತ್ತಾರೆ.